ಕಂತಿನಲ್ಲಿ ದೇಹದಾನ

ಸತ್ತ ಮೇಲೆ ದೇಹವನ್ನು ವಿಜ್ಞಾನಕ್ಕೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲೇನು ದೊಡ್ಡಸ್ತಿಕೆ? ನನ್ನ ಸೋದರಮಾವ ಬದುಕಿದ್ದಾಗಲೇ ಕೊಟ್ಟವರು. ಅದೂ ಇಡಿಯಾಗಿ ಅಲ್ಲ, ಕಂತುಕಂತಾಗಿ, ಮೇಲ್ಪದರದಿಂದ ಶುರುಮಾಡಿ!

ಮಾವ ಕಲ್ಕತ್ತೆಯಲ್ಲಿ ರೈಲ್ವೆ ನೌಕರರಾಗಿದ್ದರು. ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಮೈಸೂರಿನಿಂದ ಈ ತಮ್ಮನ ಕ್ವಾರ್ಟರ್ಸಿಗೆ ಬಂದಳು. ಮಾವನಿಗೆ ಸೋರಿಯಾಸಿಸ್ ಇತ್ತು. ಮೊಣಕೈ, ಮೊಣಕಾಲು, ಅಂಗೈಯ ಹಿಂಭಾಗದಲ್ಲೆಲ್ಲ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಗೆ ಹೊಳೆಯುವ ಹೊಟ್ಟು. ಅದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಆದರೆ ಟ್ರಾಮಿನಲ್ಲಿ ಪಕ್ಕ ಕೂತವರಿಗೆ ಅದನ್ನು ವಿವರಿಸುತ್ತಾ ಕೂರಲಾಗುತ್ತದೆಯೇ? ಬೆವರು ಧಾರೆಯಾಗಿ ಇಳಿಯುವ ಮೇ ತಿಂಗಳಲ್ಲೂ ಮಾವ ತುಂಬುತೋಳಿನ ಅಂಗಿ ಹಾಕಿ ಗುಂಡಿ ಬಿಗಿಯುತ್ತಿದ್ದರು. ತೋಳು ಸ್ವಲ್ಪ ಮೇಲೆ ಸರಿದರೆ ಸಾಕು, ಪಕ್ಕದವರು ಎದ್ದುಹೋಗುತ್ತಿದ್ದರು. ಮಾವ ಆರಾಮವಾಗಿ ಅಗಲಿಸಿ ಕೂತು ನನಗೆ ಹೇಳುವರು: "ನೋಡೇ, ಈ ಊರಲ್ಲಿ ಒಂದು ಟಿಕೀಟಿಗೆ ಎರಡು ಸೀಟು ಸಿಗೋದು ನನಗೊಬ್ಬನಿಗೇ."

ಅವರ ಚೀಲದಲ್ಲಿ ಯಾವಾಗಲೂ ಒಂದು ಪೇಂಟ್ ಬ್ರಷ್ ಇರುತ್ತಿತ್ತು. ಎಲ್ಲಿ ಕೂತು ಎದ್ದರೂ ಆ ಕುರ್ಚಿಯನ್ನು ಗುಡಿಸಿಯೇ ಹೊರಡುವುದು. ಕಾಫಿ ಲೋಟವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಯಾರ ಕೈಯಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ಅಪ್ಪಿತಪ್ಪಿ ನನ್ನ ಬೆರಳು ತಗುಲಿದರೆ ಬಿಸಿ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಳ್ಳುವರು.

ಇನ್ನು ಸಲಹೆಗಳಿಗೆ ಬರವೇ? ಮೀನು ತಿನ್ನದಿರುವುದರಿಂದಲೇ ಹೀಗಾಗಿದೆ ಎಂದು ಪಕ್ಕದ ಮನೆಯ ಬಂಗಾಳಿ ಅತ್ತಿಗೆ, ಬೌದಿ. ಬದನೆಕಾಯಿ ತಿನ್ನುವುದರಿಂದಲೇ ಹೀಗಾಗಿದೆ ಎಂದು ಅಮ್ಮ. ಅಮ್ಮ ಮನೆಗೆ ಬದನೆಕಾಯಿ ಬರದಂತೆ ಮಾಡಿದಳು. ಮಾವ ಎಸ್ಪ್ಲನೇಡ್‌ನ ಹೋಟೆಲೊಂದರಲ್ಲಿ ಬೇಗುನ್ ಭಾಜಾ ಎಂಬ ಹುರಿದ ಬದನೆಕಾಯಿ ತಿಂದು, ಬಾಯಿ ತೊಳೆದುಕೊಂಡು ಮನೆಗೆ ಬರಲು ಕಲಿತರು.

ಆಗ ಊರಾಚೆಯ ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕನ್ನಡ ಸಂಘದಲ್ಲಿ ಯಾರನ್ನು ಮಾತಾಡಿಸಿದರೂ ಮಗ ಡೇಟಾ, ಅಳಿಯ ಡೇಟಾ. ಒಂದು ಸಂಜೆ ಮಾವ ಕಾಲರ್ ಸರಿಮಾಡಿಕೊಳ್ಳುತ್ತಾ ಒಳಗೆ ಬಂದರು. "ಅವರ ಮಕ್ಕಳೆಲ್ಲ ಡೇಟಾ ನೋಡೋರು. ನಾನೇ ಡೇಟಾ ಆಗಿದೀನಿ, ಗೊತ್ತಾ?"

ಆದದ್ದಿಷ್ಟು. ಮಾವ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಶುರುವಾಗಿತ್ತು. ಸೂಜಿ ಇಲ್ಲ, ಕೊಯ್ಯುವುದಿಲ್ಲ, ರಕ್ತ ಇಲ್ಲ. ಬೊಟ್ಟಿನ ಹಾಗೆ ದುಂಡಗಿನ ಅಂಟುಪಟ್ಟಿಯನ್ನು ಮಚ್ಚೆಯ ಮೇಲೆ ಒತ್ತಿ, ಬಿಡಿಸಿ ತೆಗೆಯುವುದು. ಅದಕ್ಕೆ ಅಂಟಿಬಂದ ತೆಳು ಚರ್ಮದಲ್ಲಿ ಬಯೋಮಾರ್ಕರ್ ಹುಡುಕುವುದು. ರೋಗ ಯಾವಾಗ ಕೆರಳುತ್ತದೆ, ಯಾರಿಗೆ ಯಾವ ಔಷಧ ಹಿಡಿಯುತ್ತದೆ ಎಂದು ಅದು ಮುಂದೊಂದು ದಿನ ಹೇಳಬಹುದಂತೆ.

"ಅಂದ್ರೆ ಏನೋ ಅದು?" ಎಂದಳು ಅಮ್ಮ.

"ಚಾಡಿ ಅಕ್ಕಾ. ನನ್ನ ಚರ್ಮ ನನ್ನ ಮೇಲೇ ಹೇಳೋ ಚಾಡಿ."

"ಹಾಗಾದ್ರೆ ಬದನೆಕಾಯಿ ವಿಷಯಾನೂ ಹೇಳುತ್ತೆ ಬಿಡು," ಎಂದು ಅಮ್ಮ ಒಳಗೆ ಹೋದಳು. ಅವಳಿಗೆ ಎಲ್ಲ ಗೊತ್ತಿತ್ತು!

ಸೂಜಿ ಕಂಡರೆ ಕಂಬದ ಹಿಂದೆ ಅಡಗುವ ಮಾವನಿಗೆ ಇದು ಸ್ವರ್ಗ. ಮನೆಯಲ್ಲೂ ತಾಲೀಮು ಶುರುವಾಯಿತು. ಸೆಲ್ಲೋಟೇಪು ತಂದು ಕೊಟ್ಟು, ನನ್ನ ತೋಳಿನ ಮೇಲೆ ನಾನೇ ಅಂಟಿಸಿಕೊಳ್ಳಬೇಕು. ಅವರು ದೂರ ಕೂತು ಪಾಠ ಹೇಳುವರು. "ಹಾಗೆ ಕೀಳಬಾರದು ಕಣೇ, ಬಾಳೆ ಸಿಪ್ಪೆಯೇ ಅದು? ಒಂದು ಬೆರಳು ಚರ್ಮದ ಮೇಲೆ ಊರು. ಕೂದಲು ಮಲಗಿರೋ ದಿಕ್ಕಿಗೆ, ಮೆಲ್ಲಗೆ, ಮಲಗಿದ ಮಗೂನ ಎಬ್ಬಿಸದ ಹಾಗೆ." ನಾನು ಬಿಡಿಸಿದ್ದನ್ನು ಬೆಳಕಿಗೆ ಹಿಡಿದು ನೋಡಿ ನಿರಾಸೆಯಿಂದ ತಲೆಯಾಡಿಸುವರು: "ಖಾಲಿ. ನಿನ್ನಲ್ಲಿ ಏನೂ ಇಲ್ಲ."

ಇಷ್ಟೆಲ್ಲ ಉತ್ಸಾಹ ಯಾಕೆ? ಒಂದು ದಿನ ಚಪ್ಪಲಿ ಬಿಚ್ಚುತ್ತಾ ತಮ್ಮಷ್ಟಕ್ಕೇ ಹೇಳಿಕೊಂಡರು. "ಆ ಹುಡುಗಿ ಕೈ ಹಿಡ್ಕೊಂಡೇ ಮಾತಾಡ್ತಾಳೆ. ಗ್ಲೌಸ್ ಆಮೇಲೆ ಹಾಕ್ಕೊಳ್ಳೋದು. ಮೊದಲು ಬರಿಗೈಲಿ." ಆ ಹುಡುಗಿ ಎಂದರೆ ಮಾದರಿ ತೆಗೆಯುತ್ತಿದ್ದ ಬಂಗಾಳಿ ಸಂಶೋಧಕಿ. ಮಾವ ಅವಳನ್ನು ದೀದಿ ಎನ್ನುತ್ತಿದ್ದರು, ಅವಳು ಮಾವನನ್ನು ಕಾಕು, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದಳು. ಈ ಸಂಶೋಧನೆಯಿಂದ ಅವರನ್ನು ಯಾರೂ ಕೈಬಿಡದಿದ್ದರೆ ಸಾಕು ಎಂದು ನನಗೂ ಅಮ್ಮನಿಗೂ ಅನಿಸಿತು.

ಷರತ್ತು ಒಂದೇ. ಮಾದರಿ ಕೊಡುವ ಮುಂಚೆ ಮೈಗೆ ಎಣ್ಣೆ, ಮುಲಾಮು ಏನೂ ಹಚ್ಚಬಾರದು. ನಿಯಮ ತಪ್ಪಿದವರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಮಾವ ಚಾಚೂ ತಪ್ಪದೆ ಪಾಲಿಸಿದರು, ನರಕಚತುರ್ದಶಿ ಬರುವವರೆಗೆ.

ಕಾಳೀಪೂಜೆಯ ಹಿಂದಿನ ದಿನ ಅದು. ಊರಿಗೆಲ್ಲ ಕಾಳಿಯ ಸಂಭ್ರಮ, ನಮ್ಮ ಮನೆಯಲ್ಲಿ ಮಾತ್ರ ಎಣ್ಣೆನೀರು. ಬೆಳಗ್ಗೆ ಹತ್ತಕ್ಕೆ ದೀದಿಯ ಹತ್ತಿರ ಹೋಗಬೇಕು. ಬೆಳಗಾಗುವ ಮೊದಲೇ ಅಮ್ಮ ಮಣೆ ಹಾಕಿ ಹರಳೆಣ್ಣೆ ಬಿಸಿ ಮಾಡಿದ್ದಳು.

"ಅಕ್ಕಾ, ಈವತ್ತು ಎಣ್ಣೆ ಕೂಡದು."

"ನರಕಚತುರ್ದಶಿ ದಿನ ಎಣ್ಣೆ ಕೂಡದು ಅಂದೋನು ನರಕಾಸುರ ಒಬ್ಬನೇ. ಕೂತ್ಕೋ."

"ತಲೆಗೆ ಮಾತ್ರ."

"ಆಯ್ತು, ತಲೆಗೆ ಮಾತ್ರ."

ಮಾವ ಪೊಲೀಸರಿಗೆ ಶರಣಾದ ಕಳ್ಳನಂತೆ ಎರಡೂ ಕೈ ಮೇಲೆತ್ತಿ ಮಣೆಯ ಮೇಲೆ ಕೂತರು. ಅಮ್ಮ ನೆತ್ತಿಗೆ ತಟ್ಟಿದಳು. ಕತ್ತಿಗೆ ಹಚ್ಚಿದಳು. ಹುಟ್ಟಿದಾಗಿನಿಂದ ಈ ತಮ್ಮನಿಗೆ ಎಣ್ಣೆ ಹಚ್ಚಿದ ಕೈ, ಭುಜದ ಹತ್ತಿರ ನಿಲ್ಲುತ್ತದೆಯೇ? ಮೇಲೆತ್ತಿದ ತೋಳುಗಳು ನಿಧಾನವಾಗಿ ಕೆಳಗಿಳಿದು ಅವಳ ಮಡಿಲಿಗೆ ಬಂದವು. ಮಾವ ಕಣ್ಣು ಮುಚ್ಚಿದ್ದರು. ವರ್ಷಕ್ಕೊಮ್ಮೆ ಅವರು ಮುಟ್ಟಗೊಡುತ್ತಿದ್ದುದು ಅಷ್ಟೇ. ನನಗೆ ಷರತ್ತು ನೆನಪಿತ್ತು. ಆದರೂ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಹೊರಗೆ ಹೋದೆ.

ಆಮೇಲೆ ಸೀಗೆಪುಡಿಯಿಂದ ಎಷ್ಟು ಉಜ್ಜಿದರೇನು? ಹರಳೆಣ್ಣೆ ಬಿಡುವ ಪೈಕಿಯೇ? ಆಸ್ಪತ್ರೆಯಲ್ಲಿ ದೀದಿ ಒತ್ತಿದ ಪಟ್ಟಿ ಸರ್ರನೆ ಜಾರಿತು. ಇನ್ನೊಂದು, ಅದೂ ಜಾರಿತು. "ಕಾಕು, ತೇಲ್?" ಎಂದಳಂತೆ. ಮಾವ ಕೃಷ್ಣ, ಸತ್ಯಭಾಮೆ, ನರಕಾಸುರನ ವಧೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದರಂತೆ. ಅವಳು ನಕ್ಕಳು, ಆದರೆ ದೊಡ್ಡ ಡಾಕ್ಟರನ್ನು ಕೇಳಬೇಕು ಎಂದಳು. ಮನೆಗೆ ಬಂದ ಮಾವ ಹಬ್ಬದ ಊಟ ಮುಟ್ಟಲಿಲ್ಲ. ಬದನೆಕಾಯಿ ಹುಳಿ ಮಾಡಲೇನೋ ಎಂದು ಅಮ್ಮ ಕೇಳಿದಾಗ ಪರಿಸ್ಥಿತಿ ಎಷ್ಟು ಗಂಭೀರವಾಗಿದೆ ಎಂದು ನನಗೆ ಅರ್ಥವಾಯಿತು.

ಹಬ್ಬ ಮುಗಿದ ಮೇಲೆ ಅಮ್ಮ ಡಬ್ಬಿಯ ತುಂಬ ಚಕ್ಕುಲಿ ಹಿಡಿದು ನಮ್ಮಿಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ದೀದಿಯ ಮುಂದೆ ನಿಂತು ತನಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡಿದಳು. "ಬೇಟೀ, ತೇಲ್ ಮೈ ಲಗಾಯಾ. ಇಸ್ಕಾ ಗಲ್ತಿ ನಹೀ. ಇಸ್ಕೋ ಮತ್ ನಿಕಾಲೋ." ಎಣ್ಣೆ ಹಚ್ಚಿದ್ದು ತಾನು, ತಮ್ಮನನ್ನು ತೆಗೆದುಹಾಕಬೇಡ ಎಂದು.

ದೀದಿ ಅಮ್ಮನ ಕೈ ಹಿಡಿದುಕೊಂಡಳು. ಕಾಕು ಮುಂದಿನ ವಾರ ಎಣ್ಣೆಯಿಲ್ಲದೆ ಬರಬಹುದು, ದೊಡ್ಡ ಡಾಕ್ಟರು ಒಪ್ಪಿದ್ದಾರೆ ಎಂದಳು. ಹೋಲಿಸಿ ನೋಡಲು ರೋಗವಿಲ್ಲದವರ ಚರ್ಮವೂ ಬೇಕು, ಮಾಶಿಮಾ, ಅಂದರೆ ಚಿಕ್ಕಮ್ಮ, ನೀವು ಕೊಡುತ್ತೀರಾ ಎಂದೂ ಅಮ್ಮನನ್ನು ಕೇಳಿದಳು. ಮಾವನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು: "ತಗೊಳ್ಳಿ, ತಗೊಳ್ಳಿ. ನಮ್ಮಕ್ಕನ ಚರ್ಮ ದಪ್ಪ." ಅಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ಸಂಶೋಧನೆ ಮುಗಿದು ಬಹಳ ಕಾಲವಾಯಿತು. ಅಮ್ಮ ಹೋದಳು. ಈ ಚಳಿಗಾಲದಲ್ಲಿ ಮಾವನೂ ಹೋದರು, ಚರ್ಮದಿಂದಲ್ಲ, ಹೃದಯದಿಂದ. ಸೂಜಿಗೆ ಹೆದರುತ್ತಿದ್ದ ಅವರ ಕೈಗೆ ಕೊನೆಗೂ ಸೂಜಿ ಚುಚ್ಚಿ, ಮೇಲೆ ಬಿಳಿ ಟೇಪು ಸುತ್ತಿದ್ದರು. ಎಲ್ಲ ಮುಗಿದ ಮೇಲೆ ನರ್ಸ್ ಬಂದು ಅದನ್ನು ಕೀಳಲು ಕೈ ಹಾಕಿದಳು. ನಾನು ತೆಗೆಯುತ್ತೇನೆ ಎಂದೆ.

ಒಂದು ಬೆರಳು ಚರ್ಮದ ಮೇಲೆ ಊರಿದೆ. ಕೂದಲು ಮಲಗಿದ್ದ ದಿಕ್ಕಿಗೆ, ಮೆಲ್ಲಗೆ ಬಿಡಿಸಿದೆ. ಟೇಪಿನ ತುಂಬ ಬೆಳ್ಳಗಿನ ಹೊಟ್ಟು ಅಂಟಿಬಂತು. ಖಾಲಿ ಇರಲಿಲ್ಲ.

ಆಮೇಲೂ ಬಹಳ ಹೊತ್ತು ಆ ಕೈಯನ್ನು ಹಿಡಿದುಕೊಂಡೇ ಕೂತಿದ್ದೆ. ಮಾವ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.