ಬೊಗಳಬೇಕು, ಆದರೆ ಕೇಳಿಸಬಾರದು

ಅಳೆಯದೆ ಮನೆಗೆ ತಂದ ವಸ್ತು ಇಂದಲ್ಲ ನಾಳೆ ಕೈಕೊಡುತ್ತದೆ ಎಂಬುದು ಇನ್ಸ್‌ಪೆಕ್ಟರರ ಅಚಲ ನಂಬಿಕೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತಿದ ಮನುಷ್ಯ. ಸೋಫಾ ಕೊಳ್ಳುವ ಮುಂಚೆ ಲಿಫ್ಟನ್ನೂ, ಲಿಫ್ಟಿಗಿಂತ ಮುಂಚೆ ತಮ್ಮ ಟೇಪನ್ನೂ ಅಳೆದು ನೋಡಿದವರು. ಹಾಗಾಗಿ ನಾಲ್ಕನೇ ಮಹಡಿಯ ಆ ಮನೆಗೆ ನಾಯಿ ತರುವ ಮಾತು ಬಂದಾಗ ಅವರು ಎದೆಯುಬ್ಬಿಸಿ, "ಇದನ್ನ ನನಗೆ ಬಿಡು. ಒಂದೇ ವಾರ. ಈ ಮನೆಗೆ ಅಳತೆ ಕೊಟ್ಟು ಹೊಲಿಸಿದಂಥ ನಾಯಿ ತರ್ತೀನಿ," ಎಂದರು.

"ನಾಯಿ ಸಾಕು, ಅಂಗಿ ಬೇಡ," ಎಂದರು ಹೆಂಡತಿ. ಅವರು ಶಾಲೆಯಲ್ಲಿ ಟೀಚರ್. ಮನೆಯಲ್ಲೂ ಅದೇ ಹುದ್ದೆ.

ನಾಯಿ ಬೇಕಾದದ್ದು ಚಂದಕ್ಕಲ್ಲ. ಹಗಲು ಹೊತ್ತು ಮನೆಯಲ್ಲಿರುವವರು ಟೀಚರಮ್ಮನ ತಾಯಿ ಒಬ್ಬರೇ. ಅವರಿಗೆ ಕಿವಿ ಮಂದ. ಕಿವಿಗೆ ಹಾಕುವ ಯಂತ್ರ ಇತ್ತು, ಆದರೆ ಡಬ್ಬಿಯಲ್ಲಿ ಇತ್ತು. "ಅದನ್ನ ಹಾಕ್ಕೊಂಡ್ರೆ ಫ್ರಿಜ್ಜು ನನ್ನ ಜೊತೆ ಮಾತಾಡುತ್ತೆ," ಎಂಬುದು ಅವರ ತಕರಾರು. ಕಳೆದ ಗುರುವಾರ ಟೀಚರಮ್ಮ ಕೀಲಿ ಮರೆತು ಬಂದು, ಐವತ್ತು ನಿಮಿಷ ಬೆಲ್ ಒತ್ತಿ, ಬಾಗಿಲು ಬಡಿದು, ಕೊನೆಗೆ ಅಳುವುದೊಂದು ಬಾಕಿ ಇತ್ತು. ಒಳಗೆ ಅಮ್ಮ ಬಾಗಿಲಿಂದ ಆರೇ ಅಡಿ ದೂರ ಕೂತು ನೆಮ್ಮದಿಯಾಗಿ ಪದಬಂಧ ತುಂಬುತ್ತಿದ್ದರು.

"ಅಮ್ಮ ಬಿದ್ದಿದ್ದಾಳೋ ಏನೋ ಅಂತ ಜೀವ ಬಾಯಿಗೆ ಬಂದಿತ್ತು ರೀ. ಬೆಲ್ ಆದಾಗ ಅವಳಿಗೆ ತಿಳಿಸೋಕೆ ಒಂದು ಜೀವ ಬೇಕು ಮನೇಲಿ," ಎಂದಿದ್ದರು ಟೀಚರಮ್ಮ. ಆ ರಾತ್ರಿ ಅವರು ಊಟ ಸರಿಯಾಗಿ ಮಾಡಿರಲಿಲ್ಲ.

ಇನ್ಸ್‌ಪೆಕ್ಟರರು ಮರುದಿನವೇ ಗೆರೆ ಹಾಕಿದ ನೋಟ್‌ಬುಕ್ ತೆರೆದರು. ಜಾತಿ, ಎತ್ತರ, ತೂಕ, ಕೂದಲು ಉದುರುವ ಪ್ರಮಾಣ, ಬಾಲದ ವ್ಯಾಪ್ತಿ. ಬಾಲದ ವ್ಯಾಪ್ತಿ ಯಾಕೆಂದರೆ, ಲ್ಯಾಬ್ರಡಾರಿನ ಬಾಲ ಒಮ್ಮೆ ಖುಷಿಯಾಗಿ ಬೀಸಿದರೆ ಟೀಪಾಯಿಯ ಮೇಲಿನ ನಾಲ್ಕು ಲೋಟವೂ ನೆಲಕ್ಕೆ ಎಂದು ಅವರು ಲೆಕ್ಕ ಹಾಕಿದ್ದರು. ಲ್ಯಾಬ್ರಡಾರ್ ರದ್ದು.

"ಪಗ್ ತರೋಣ ಅಂದ್ರೆ ಅದು ಗೊರಕೆ ಹೊಡೆಯುತ್ತಂತೆ."

"ತನ್ನಿ. ನನಗೆ ಹದಿನೆಂಟು ವರ್ಷದ ಅಭ್ಯಾಸ."

ಇನ್ಸ್‌ಪೆಕ್ಟರರು ಪಗ್ಗನ್ನು ಪಟ್ಟಿಯಿಂದ ಹೊಡೆದುಹಾಕಿದರು. "ಗ್ರೇಹೌಂಡ್ ನೋಡು. ಹೊರಗೆ ಓಟಗಾರ, ಒಳಗೆ ಶುದ್ಧ ಸೋಮಾರಿ. ದಿನವೆಲ್ಲ ಮಲಗಿರುತ್ತೆ. ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು."

"ಮಲಗಿದ್ರೆ ಎಷ್ಟುದ್ದ?"

ಅವರು ಟೇಪು ಹಿಡಿದು ನೋಡಿದರು. "ಸೋಫಾದಿಂದ ಟೀವಿವರೆಗೆ."

"ಸರಿ, ನಾವು ಬಾಲ್ಕನಿಗೆ ಹೋಗೋಣ."

"ಬಸೆಂಜಿ ಅಂತ ಒಂದಿದೆ ಕಣೇ. ಬೊಗಳೋದೇ ಇಲ್ಲ ಅನ್ನಬಹುದು."

"ಬೆಲ್ ಆಗಿದೆ ಅಂತ ಅಮ್ಮನಿಗೆ ಹೇಗೆ ಹೇಳುತ್ತೆ? ಚೀಟಿ ಬರೆದು ಕೊಡುತ್ತಾ?"

ಸಮಸ್ಯೆಯ ಬೇರು ಇಲ್ಲೇ ಇತ್ತು. ಇವರ ಕೆಳಗಿನ ಮನೆಯಲ್ಲಿ ಒಬ್ಬರು ಬೇಕರಿಯವರು. ರಾತ್ರಿಯಿಡೀ ಒಲೆಯ ಮುಂದೆ ನಿಂತು ಬ್ರೆಡ್ ಬೇಯಿಸಿ, ಹಗಲು ಹತ್ತರಿಂದ ನಾಲ್ಕರವರೆಗೆ ಮಲಗುವವರು. ಜೊತೆಗೆ ನಿವಾಸಿಗಳ ಸಂಘದ ಕಾರ್ಯದರ್ಶಿ. ಮೇಲಿನ ಮನೆಯಲ್ಲಿ ಚಮಚ ಬಿದ್ದರೂ ಅವರ ಚೀಟಿ ಬಾಗಿಲಡಿಯಿಂದ ತೂರಿ ಬರುತ್ತಿತ್ತು. ಅಂದರೆ ನಾಯಿಯ ಬೊಗಳು ಆರಡಿ ದೂರದ ಅತ್ತೆಯ ಕಿವಿಗೆ ಬೀಳಬೇಕು, ಆರಿಂಚು ಕಾಂಕ್ರೀಟಿನ ಕೆಳಗಿನ ಬೇಕರಿಯವರ ಕಿವಿಗೆ ಬೀಳಬಾರದು. ಯಾವ ಜಾತಿಯ ಗಂಟಲು ಈ ಅಳತೆಗೆ ಕೂರುತ್ತದೆ?

"ಪರೀಕ್ಷೆ ಮಾಡದೆ ಗೊತ್ತಾಗಲ್ಲ," ಎಂದರು ಇನ್ಸ್‌ಪೆಕ್ಟರರು. "ನೀನು ಕೆಳಗೆ ಹೋಗಿ ಅವರ ಬಾಗಿಲ ಹತ್ರ ನಿಂತ್ಕೋ. ನಾನು ಇಲ್ಲಿಂದ ಮೂರು ಬಗೆಯಲ್ಲಿ ಬೊಗಳ್ತೀನಿ."

ಟೀಚರಮ್ಮ ಗಂಡನ ಮುಖ ನೋಡಿದರು. ತಮಾಷೆಯ ಸುಳಿವು ಕಾಣಲಿಲ್ಲ.

ಇಬ್ಬರಿಗೂ ರಜೆಯಿದ್ದ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ನಾಯಿಯ ಬಾಯಿ ನೆಲದಿಂದ ಒಂದೂಕಾಲು ಅಡಿ ಎತ್ತರದಲ್ಲಿರುವುದರಿಂದ ಇನ್ಸ್‌ಪೆಕ್ಟರರು ಮಂಡಿಯೂರಿ, ಅಂಗೈ ಊರಿ, ಮುಂಬಾಗಿಲಿಗೆ ಮುಖ ಮಾಡಿದರು. ಮೊದಲ ಬೊಗಳು ಸಣ್ಣ ಜಾತಿಯದು. ಅತ್ತೆ ಪದಬಂಧದಿಂದ ತಲೆ ಎತ್ತಲಿಲ್ಲ. ಎರಡನೆಯದು ಮಧ್ಯಮ. ಅತ್ತೆ ಪೆನ್ಸಿಲ್ ಚೂಪು ಮಾಡಿಕೊಂಡರು. ಆಗ ಇನ್ಸ್‌ಪೆಕ್ಟರರಿಗೆ ಹಟ ಬಂತು. ಹೊಟ್ಟೆಯಾಳದಿಂದ ಉಸಿರೆಳೆದು ಸತತವಾಗಿ ಐದು ಬಿಟ್ಟರು. ಕೊನೆಯದಕ್ಕೆ ಕೆಮ್ಮು ಬಂತು.

ಅತ್ತೆ ಎದ್ದು ಬಂದರು. ನಾಲ್ಕು ಕಾಲಲ್ಲಿ ನಿಂತ ಅಳಿಯನನ್ನು ಒಂದು ಗಳಿಗೆ ನೋಡಿದರು.

"ಏನಾದ್ರೂ ಕಳ್ಕೊಂಡ್ರಾ ಅಳಿಯಂದ್ರೇ?"

ಕೆಳಗೆ ಬೇಕರಿಯವರ ಬಾಗಿಲು ತೆರೆದಿತ್ತು. ಬನಿಯನ್ನಿನಲ್ಲಿ, ಕೆಂಪು ಕಣ್ಣಿನಲ್ಲಿ ಅವರು ನಿಂತಿದ್ದರು. "ಮೇಡಂ, ನಿಮ್ಮನೇಲಿ ನಾಯಿ ಇದ್ಯಾ?"

"ಇಲ್ಲವಲ್ಲ."

ಮೇಲಿನಿಂದ ಇನ್ನೊಂದು ಬಂತು. ಅತ್ತೆಗೆ ನಿಜವಾಗಿ ಕೇಳಿಸಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಬಿಟ್ಟದ್ದು.

"ಹಾಗಾದ್ರೆ ಅದೇನು?"

ಟೀಚರಮ್ಮ ಹದಿನೆಂಟು ವರ್ಷದ ದಾಂಪತ್ಯದ ಮಾನ ಕಾಪಾಡಲು ನೋಡಿದರು. "ಟೀವಿ," ಎಂದರು. ಬೇಕರಿಯವರು ನಂಬಲಿಲ್ಲ.

ಮರುದಿನ ಲಿಫ್ಟಿನ ಪಕ್ಕದ ಹಲಗೆಯ ಮೇಲೆ ನೋಟೀಸು ಅಂಟಿತ್ತು. ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಅನುಮತಿಯಿಲ್ಲದೆ ನಾಯಿ ಸಾಕಿರುವುದು ಗಮನಕ್ಕೆ ಬಂದಿದೆ. ಧ್ವನಿಯಿಂದ ತಿಳಿಯುವಂತೆ ಅದು ದೊಡ್ಡ ಜಾತಿಯದು, ವಯಸ್ಸಾದದ್ದು, ಎದೆಯಲ್ಲಿ ಕಫ ಇರುವಂಥದ್ದು. ಭಾನುವಾರ ತಪಾಸಣೆ ನಡೆಯುತ್ತದೆ.

"ವಯಸ್ಸಾದದ್ದಂತೆ," ಎಂದರು ಇನ್ಸ್‌ಪೆಕ್ಟರರು, ಮುಖ ಸಪ್ಪೆ ಮಾಡಿಕೊಂಡು.

"ಕಫದ ಮಾತು ನಾನೂ ಹೇಳ್ತಾನೇ ಇದ್ದೆ," ಎಂದರು ಟೀಚರಮ್ಮ.

ಇಷ್ಟು ವರ್ಷ ಅಂಗಡಿ ಅಂಗಡಿಗೆ ತಪಾಸಣೆಗೆ ಹೋಗುತ್ತಿದ್ದ ಮನುಷ್ಯ ಈಗ ತನ್ನ ಮನೆಯಲ್ಲೇ ಕೈ ಕಟ್ಟಿ ನಿಂತರು. ಭಾನುವಾರ ಬೇಕರಿಯವರು ಬಂದು ಮಂಚದಡಿ ಬಗ್ಗಿ, ಬಚ್ಚಲಲ್ಲಿ ಇಣುಕಿ, ಬಟ್ಟೆ ಬೀರುವನ್ನೂ ತೆಗೆಸಿದರು. ನಾಯಿ ಸಿಗಲಿಲ್ಲ. ಆದರೆ ಮುಂಗಡವಾಗಿ ತಂದಿಟ್ಟಿದ್ದ ಕೊರಳಪಟ್ಟಿ ಸಿಕ್ಕಿತು, ಊಟದ ಬಟ್ಟಲು ಸಿಕ್ಕಿತು, 'ಬೊಗಳು: ಜೋರು, ಐದು ಸಲ' ಎಂದು ದಿನಾಂಕ ಸಮೇತ ಬರೆದಿದ್ದ ನೋಟ್‌ಬುಕ್ಕೂ ಸಿಕ್ಕಿತು.

"ಸಾರ್, ಸುಮ್ನೆ ಒಪ್ಕೊಳ್ಳಿ. ನಾಯಿನ ಎಲ್ಲಿಗೆ ಸಾಗಿಸಿದ್ರಿ?"

ಇನ್ಸ್‌ಪೆಕ್ಟರರು ಇಲ್ಲವೆಂದು ಕೈಯಾಡಿಸಿದರು. ಬೇಕರಿಯವರು ಅತ್ತೆಯ ಬಳಿ ಬಗ್ಗಿ, ಗಟ್ಟಿಯಾಗಿ ಕೇಳಿದರು. "ಅಮ್ಮಾ, ಇಲ್ಲಿ ಬೊಗಳಿದ್ದು ಯಾರು?"

ಆ ದಿನ ಅತ್ತೆಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. "ನಮ್ಮ ಅಳಿಯಂದ್ರಪ್ಪ. ಪಾಪ, ತುಂಬ ಕಷ್ಟಪಟ್ಟು ಬೊಗಳಿದ್ರು."

"ನಾನು ಹೇಗೆ ನಂಬ್ಲಿ?" ಎಂದರು ಬೇಕರಿಯವರು.

ಬೇರೆ ದಾರಿ ಇರಲಿಲ್ಲ. ಇನ್ಸ್‌ಪೆಕ್ಟರರು ಪ್ಯಾಂಟಿನ ಮಂಡಿ ಸರಿಮಾಡಿಕೊಂಡು ನೆಲಕ್ಕಿಳಿದರು. ಒಂದೇ ಒಂದು ಬೊಗಳು. ಬೇಕರಿಯವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದರು. "ಇದೇ ನಾಯಿ."

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಟೀಚರಮ್ಮ ಆ ಗುರುವಾರದ ಐವತ್ತು ನಿಮಿಷದ ಕಥೆ ಹೇಳಿದರು. ಬೇಕರಿಯವರು ಕುರ್ಚಿ ಎಳೆದುಕೊಂಡು ಕೂತರು. ಅವರ ಮುಖದ ನಿದ್ದೆಗಣ್ಣಿನ ಸಿಡುಕು ಮೆಲ್ಲಗೆ ಇಳಿಯಿತು.

"ನಮ್ಮ ಬೇಕರಿ ಹಿತ್ತಲಲ್ಲಿ ಒಂದು ನಾಯಿ ಇದೆ ಮೇಡಂ," ಎಂದರು. "ಹಿಟ್ಟು ಕಲೆಸೋ ಮಿಷಿನ್ ಸದ್ದಿಗೆ, ಬ್ರೆಡ್ ಬೆಂದಾಗ ಹೊಡೆಯೋ ಒಲೆ ಗಂಟೆ ನನಗೆ ಕೇಳ್ಸಲ್ಲ. ಗಂಟೆ ಆದ ತಕ್ಷಣ ಅದು ಬಾಗಿಲಿಗೆ ಬಂದು ನನ್ನ ಕೈಗೆ ಮೂತಿ ಒತ್ತುತ್ತೆ. ನಾನು ಕಲಿಸಿದ್ದಲ್ಲ. ಬ್ರೆಡ್ ಸೀದರೆ ಅದಕ್ಕೂ ತುಂಡು ಸಿಗಲ್ವಲ್ಲ. ಬೊಗಳಿದ್ದು ಮಾತ್ರ ನಾನು ಕಂಡಿಲ್ಲ. ಬೇಕರಿ ಹತ್ರ ನಾಯಿ ಇರಬಾರದು ಅಂತ ಈಗ ನನಗೇ ನೋಟೀಸು ಬಂದಿದೆ."

ಇನ್ಸ್‌ಪೆಕ್ಟರರು ಅಷ್ಟರಲ್ಲಿ ನೋಟ್‌ಬುಕ್ ಎತ್ತಿಕೊಂಡಿದ್ದರು. "ಯಾವ ಜಾತಿ?"

"ನಾನು ಕೇಳಿಲ್ಲ ಸಾರ್. ಅದೂ ಹೇಳಿಲ್ಲ."

ಆ ಸಂಜೆಯೇ ಅದು ಬಂತು. ಮಣ್ಣಿನ ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಿಸಿದ್ದು. ಬಾಲ್ಕನಿ ನೋಡಿತು, ಸೋಫಾದ ಅಡಿ ಮೂಸಿತು, ಅತ್ತೆಯ ಕುರ್ಚಿಯ ಪಕ್ಕ ಕುಕ್ಕರಿಸಿತು. ಟೀಚರಮ್ಮ ಹೊರಗೆ ಹೋಗಿ ಬೆಲ್ ಒತ್ತಿದರು. ನಾಯಿ ಎದ್ದು ಅತ್ತೆಯ ಅಂಗೈಗೆ ಮೂತಿ ಒತ್ತಿತು. ಅತ್ತೆ ಪದಬಂಧ ಕೆಳಗಿಟ್ಟು, ಅದರ ತಲೆ ಸವರಿ, ಹೋಗಿ ಬಾಗಿಲು ತೆರೆದರು. ಟೀಚರಮ್ಮ ಬಾಗಿಲಲ್ಲೇ ಅಮ್ಮನ ಕೈ ಹಿಡಿದುಕೊಂಡರು. ಕೆಳಗಿನ ಮನೆಗೆ ಒಂದು ಪಿಸುಮಾತೂ ತಲುಪಲಿಲ್ಲ.

ವಾರದ ಬಳಿಕ ಸಂಘದ ಅನುಮತಿ ಪತ್ರ ಬಂತು. ಇನ್ಸ್‌ಪೆಕ್ಟರರು ಕನ್ನಡಕ ಏರಿಸಿ, ಗಂಭೀರವಾಗಿ ಓದಿದರು. ನಾಲ್ಕನೇ ಮಹಡಿಯ ಮನೆಯಲ್ಲಿ ಒಂದು ನಾಯಿಯನ್ನು ಸಾಕಲು ಒಪ್ಪಿಗೆ ನೀಡಲಾಗಿದೆ. ಆ ನಾಯಿಯಿಂದ ಯಾರಿಗೂ ತೊಂದರೆಯಿಲ್ಲ. ಷರತ್ತು ಒಂದೇ: ಹಗಲು ಹತ್ತರಿಂದ ನಾಲ್ಕರವರೆಗೆ ಮನೆಯ ಯಜಮಾನರು ಬೊಗಳತಕ್ಕದ್ದಲ್ಲ.

"ಸಹಿ ಎಲ್ಲಿ ಹಾಕ್ಬೇಕು?" ಎಂದು ಕೇಳಿದರು ಅವರು, ಬಾಡಿದ ದನಿಯಲ್ಲಿ.

'ನಾಯಿಯ ಮಾಲೀಕರು' ಎಂಬಲ್ಲಿ ಅತ್ತೆ ಆಗಲೇ ದುಂಡಗೆ ಸಹಿ ಹಾಕಿದ್ದರು. ಖಾಲಿ ಉಳಿದಿದ್ದದ್ದು ಷರತ್ತಿನ ಕೆಳಗಿನ ಜಾಗ ಮಾತ್ರ. ಟೀಚರಮ್ಮ ಬೆರಳಿಟ್ಟು ತೋರಿಸಿದರು, ಇನ್ಸ್‌ಪೆಕ್ಟರರು ಸಹಿ ಹಾಕಿದರು.