ಹೊಗೆ ಎಣಿಸಿದ ವರ್ಷ

ಹೊಗೆಯ ಲೆಕ್ಕ ಇಡಲು ಕೂತವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ, ಅವು ಕರೆಯದೆಯೇ ಬರುತ್ತವೆ. ನನಗಂತೂ ಮೊದಲಿಂದಲೂ ಹೊಗೆ, ಮಂಜು, ಮೋಡ ಕಂಡರೆ ಕೆಲಸ ಮರೆತು ನಿಲ್ಲುವ ಚಟ. ಅದೇ ಚಟಕ್ಕೆ ಒಂದು ವರ್ಷ ಸಂಬಳವೂ ಸಿಕ್ಕಿತು.

ಕೊಪ್ಪದಲ್ಲಿ ಜನ ಸಿಗ್ನಲ್ ಹುಡುಕಿಕೊಂಡು ಮೊಬೈಲ್ ಹಿಡಿದು ಮಹಡಿ ಹತ್ತುತ್ತಿದ್ದ ಕಾಲ ಅದು. ಏಲಕ್ಕಿ, ಶುಂಠಿ ಒಣಗಿಸಿ ಹೊರದೇಶಕ್ಕೆ ಕಳಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಗುಮಾಸ್ತ. ಖರೀದಿದಾರರು ಒಂದು ಪತ್ರ ಬರೆದರು. ನಿಮ್ಮ ಒಲೆಯಿಂದ, ಜೀಪಿನಿಂದ ಗಾಳಿಗೆ ಸೇರುವ ಇಂಗಾಲವನ್ನು ಲೆಕ್ಕ ಇಟ್ಟು, ವರ್ಷದೊಳಗೆ ಕಾಲುಭಾಗ ಇಳಿಸಿ ತೋರಿಸಬೇಕು, ಇಲ್ಲದಿದ್ದರೆ ಮಾಲು ಬೇಡ. ಯಜಮಾನರು ಆ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ಇದರಲ್ಲಿ ಪಾಸಾದರೆ ನಿನ್ನ ನೌಕರಿ ಕಾಯಂ ಅಂದರು.

ನೌಕರಿ ಕಾಯಂ ಆಗುವುದರ ಮೇಲೆ ನನ್ನ ಇನ್ನೊಂದು ಆಸೆಯೂ ನಿಂತಿತ್ತು. ಸಿರಿಮನೆಯಲ್ಲಿ ಒಂದು ಹುಡುಗಿಯನ್ನು ನೋಡಿಕೊಂಡು ಬಂದಿದ್ದೆ. ಬಂದಾಗಿನಿಂದ ರಿಜಿಸ್ಟರಿನ ಅಂಚಿನ ತುಂಬ ಬಳ್ಳಿ, ಹೂವು ಬರೆಯುತ್ತಿದ್ದೆ. ಹುಡುಗ ಎಂತ ಮಾಡುವುದು ಅಂತ ಅವಳ ಅಪ್ಪ ಕೇಳಿದ್ದಕ್ಕೆ ನಮ್ಮ ಸೋದರಮಾವ ಹೆಮ್ಮೆಯಿಂದ, ಹೊಗೆ ಎಣಿಸುತ್ತಾನೆ ಅಂದುಬಿಟ್ಟಿದ್ದ. ಅವರು, "ಕಾಯಂ ಆಗಲಿ, ಆಮೇಲೆ ನೋಡುವ" ಅಂದಿದ್ದರು.

ಸೌದೆ

ಒಲೆಗೆ ಹಾಕುವ ಪ್ರತಿ ಹೊರೆ ಸೌದೆಯನ್ನೂ ತೂಗಿ ಬರೆಯಬೇಕು ಎಂಬುದು ನನ್ನ ಮೊದಲ ಕಟ್ಟಳೆ. ಬೇಸಿಗೆಯಲ್ಲಿ ನನ್ನ ನಕ್ಷೆಯ ಗೆರೆ ಚೆನ್ನಾಗಿ ಇಳಿಯಿತು. ಆಷಾಢ ಬಂದದ್ದೇ ಏರತೊಡಗಿತು. ಶ್ರಾವಣದ ಹೊತ್ತಿಗೆ ಕಾಗದ ಸಾಲದೆ ಮೇಲೊಂದು ಹಾಳೆ ಅಂಟಿಸಿದೆ. ಒಲೆ ನೋಡಿಕೊಳ್ಳುವ ಅಜ್ಜ ಸೌದೆ ಪೋಲು ಮಾಡುತ್ತಿದ್ದಾನೆ ಅಂತ ನನಗೆ ಗುಮಾನಿ. ಆತನಿಗೋ ನನ್ನ ಗುಮಾನಿಯ ವಾಸನೆ ಹತ್ತಿ ಎರಡು ದಿನ ಮಾತು ಬಿಟ್ಟ.

ಮೂರನೆಯ ದಿನ ಅಂಗಳದಲ್ಲಿ ನೆನೆಯುತ್ತಿದ್ದ ಸೌದೆಯ ರಾಶಿಯಿಂದ ಒಂದು ತುಂಡು ತಂದು ನನ್ನ ತಕ್ಕಡಿಯ ಮೇಲಿಟ್ಟ. ಒಲೆಯ ಅಟ್ಟದ ಮೇಲೆ ಒಣಗಿದ್ದ ಅಷ್ಟೇ ಗಾತ್ರದ ಇನ್ನೊಂದು ತುಂಡನ್ನು ಪಕ್ಕದ ತಟ್ಟೆಗಿಟ್ಟ. ಒದ್ದೆಯದು ಧಡಕ್ಕನೆ ಕೆಳಗೆ ಕೂತಿತು.

"ಎರಡು ತಿಂಗಳಿಂದ ನೀನು ತೂಗಿದ್ದು ಅರ್ಧ ಸೌದೆ, ಅರ್ಧ ಮಳೆ ಮಾರಾಯ. ಆ ಮಳೆಯೂ ನನ್ನ ಲೆಕ್ಕಕ್ಕೇ ಬಂತು."

ಸೌದೆ ನೆನೆಯದಂತೆ ಮೇಲೊಂದು ಮಾಡು ಕಟ್ಟಿಸಿದೆವು. ಒಣ ಸೌದೆ ಚೆನ್ನಾಗಿ ಉರಿಯಿತು, ನಿಜವಾಗಿಯೂ ಕಡಿಮೆ ಸಾಕಾಯಿತು, ಗೆರೆ ಇಳಿಯಿತು. ಅಜ್ಜ ಮಾತ್ರ ಆಮೇಲೆ ಎಂದು ಮಳೆ ಬಂದರೂ ಕಿಟಕಿಯಿಂದ ತಲೆ ಹಾಕಿ, ಬರೆದುಕೊಂಡೆಯಾ ಅಂತ ಕೇಳುತ್ತಿದ್ದ.

ಜೀಪು

ಜೀಪಿನ ಡೀಸೆಲ್ಲನ್ನು ಪ್ರಯಾಣಿಕರ ಸಂಖ್ಯೆಗೆ ಭಾಗಿಸಬೇಕು ಅಂತ ಖರೀದಿದಾರರು ಕಳಿಸಿದ್ದ ಫಾರಂ ಹೇಳುತ್ತಿತ್ತು. ಶೃಂಗೇರಿಯಿಂದ ಬರುವಾಗ ಜೀಪಿನಲ್ಲಿ ಎಷ್ಟು ಜನ ಇರುತ್ತಾರೆ ಅಂತ ಡ್ರೈವರನ್ನು ಕೇಳಿದೆ.

"ಒಳಗೆ ಕೂತವರಾ, ಹಿಂದೆ ಜೋತವರೂ ಸೇರಿಯಾ?"

ಎಲ್ಲ ಸೇರಿಸಿ ಬರೆದೆ. ಫಾರಂನಲ್ಲಿ ಅದಕ್ಕೆ ಒಂದು ಅಂಕಿಯಷ್ಟೇ ಚೌಕವಿತ್ತು, ನಾನು ಎರಡಂಕಿ ತುರುಕಿದೆ. ಇದು ಬಸ್ಸೋ ಜೀಪೋ ಅಂತ ಖರೀದಿದಾರರಿಂದ ವಿಚಾರಣೆ ಬಂತು. ಡ್ರೈವರು ಅದನ್ನು ಓದಿಸಿ ಕೇಳಿಸಿಕೊಂಡು, ಜನ ಹತ್ತಿದ ಮೇಲೆ ಅದು ಜೀಪು ಅಂತ ತನಗೂ ಗೊತ್ತಾಗುವುದಿಲ್ಲ ಎಂದ.

ಗಿಡ

ಹೊಗೆ ಹೀರಲು ಐನೂರು ಗಿಡ ನೆಡಬೇಕೆಂದೂ ಯೋಜನೆಯಲ್ಲಿತ್ತು. ಕೊಪ್ಪದ ಸುತ್ತ ಗಿಡ ನೆಡಲು ಜಾಗ ಬೇಕೆಂದರೆ ಮೊದಲು ಮರ ಕಡಿಯಬೇಕು. ಹಾಗಾಗಿ ಬೇಸಿಗೆಯ ಒಂದು ಸಂಜೆ ನರಸಿಂಹರಾಜಪುರದ ಕಡೆ ಹೋದೆ. ಭದ್ರಾ ಹಿನ್ನೀರಿನ ಬದಿಯಲ್ಲಿ ಹಸಿರು ಹುಲ್ಲಿನ ಬಯಲು, ಹೊಂಬಿಸಿಲು, ಒಂದೂ ಬೇಲಿಯಿಲ್ಲ. ಮಲೆನಾಡಿನಲ್ಲಿ ಯಾರೂ ಬೇಲಿ ಹಾಕದ ಜಾಗ ಯಾಕೆ ಉಳಿದಿದೆ ಅಂತ ಇದೇ ಸೀಮೆಯ ಮೆಣಸೆಯಲ್ಲಿ ಹುಟ್ಟಿದ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಆ ಬಯಲಲ್ಲಿ ಮರಗಳು ಬೆಳೆದು, ಅವುಗಳ ನೆರಳಲ್ಲಿ ನಾನೂ ಸಿರಿಮನೆಯ ಹುಡುಗಿಯೂ ನಡೆಯುತ್ತಿರುವುದು ಕಾಣುತ್ತಿತ್ತು. ವಾರದಲ್ಲಿ ಐನೂರು ಗಿಡ ನೆಟ್ಟೆವು. ದೋಣಿಯವನೊಬ್ಬ ದಡದಲ್ಲಿ ಬೀಡಿ ಸೇದುತ್ತ ನೋಡುತ್ತಿದ್ದ.

ಕಾರ್ತಿಕದಲ್ಲಿ ತಪಾಸಣೆಯ ಅಧಿಕಾರಿ ಮಂಗಳೂರಿನಿಂದ ಬಂದರು. ಗಿಡ ನೋಡಬೇಕು ಅಂದರು. ಕರೆದುಕೊಂಡು ಹೋದೆ. ಬಯಲೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ತಿಳಿನೀರು, ಅದರಲ್ಲಿ ಮೋಡ. ಎಷ್ಟು ಚೆಂದವಿತ್ತೆಂದರೆ ನನ್ನ ನೌಕರಿ ಹೋಯಿತು ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಅದೇ ದೋಣಿಯವನು ನಮ್ಮನ್ನು ಹತ್ತಿಸಿಕೊಂಡು ನಡುನೀರಿಗೆ ಹೋಗಿ ಹುಟ್ಟು ನಿಲ್ಲಿಸಿದ. ಗಿಡ ಎಲ್ಲಿ ಅಂತ ಅಧಿಕಾರಿ ಕೇಳಿದರು. ಆಚೆ ದಡದ ಯಾವುದಾದರೂ ಕಾಡು ತೋರಿಸಿಬಿಡಬಹುದಿತ್ತು. ಮನಸ್ಸು ಬರಲಿಲ್ಲ.

"ನಮ್ಮ ಕೆಳಗಿವೆ ಸಾರ್," ಅಂದೆ. "ಮುಳುಗಿದವು. ತಪ್ಪು ನನ್ನದು."

ನೆಡುವಾಗ ಯಾಕೆ ಹೇಳಲಿಲ್ಲ ಅಂತ ದೋಣಿಯವನನ್ನು ಕೇಳಿದೆ. ಕಂಪನಿಯವರಲ್ಲವಾ, ಏನೋ ಉಪಾಯ ಇರುತ್ತದೆ ಅಂತ ಸುಮ್ಮನಿದ್ದೆ ಅಂದ. ಅಧಿಕಾರಿ ನಾನು ಬೇಸಿಗೆಯಲ್ಲೇ ತುಂಬಿಸಿ ಕಳಿಸಿದ್ದ ಫಾರಂ ತೆಗೆದರು. ಗಿಡಗಳಿಗೆ ನೀರಿನ ಅನುಕೂಲ ಇದೆಯೇ ಎಂಬ ಪ್ರಶ್ನೆಯ ಮುಂದೆ ನನ್ನದೇ ಅಕ್ಷರದಲ್ಲಿ, ಹೂಬಳ್ಳಿಯ ಸಮೇತ, "ಧಾರಾಳ" ಅಂತ ಇತ್ತು. ಅವರು ನಕ್ಕ ರಭಸಕ್ಕೆ ದೋಣಿ ಅಲುಗಿತು.

ಕೊನೆಗೆ ಕಣ್ಣೊರೆಸಿಕೊಂಡು, ಗಿಡದ ಮುಂದೆ ಸೊನ್ನೆ ಹಾಕಿದರು. ಮುಳುಗಿದ್ದನ್ನು ಮುಳುಗಿತು ಅನ್ನುವವನು ಸೌದೆಯಲ್ಲಿ ಸುಳ್ಳು ಹೇಳಲಿಕ್ಕಿಲ್ಲ ಅಂತ ಸೌದೆಯ ಲೆಕ್ಕಕ್ಕೆ ಸಹಿ ಹಾಕಿದರು. ಇಳಿಸಬೇಕಿದ್ದ ಕಾಲುಭಾಗ ಆ ಒಣ ಸೌದೆಯಿಂದಲೇ ಭರ್ತಿಯಾಗಿತ್ತು.

ನೌಕರಿ ಕಾಯಂ ಆಯಿತು. ಸುದ್ದಿ ನನಗಿಂತ ಮೊದಲೇ ಸಿರಿಮನೆಗೆ ತಲುಪಿ, ಹುಡುಗಿಯ ಅಪ್ಪ ಹೇಳಿ ಕಳಿಸಿದರು:

"ಹೊಗೆ ಎಣಿಸುವವನಿಗೆ ಮಗಳನ್ನು ಕೊಡುವುದು ಹೇಗೆ ಅಂತ ಇತ್ತು. ಐನೂರು ಗಿಡ ಮುಳುಗಿಸಿ ಕೆಲಸ ಕಾಯಂ ಮಾಡಿಕೊಂಡವನು ಎಲ್ಲಿ ಬಿಟ್ಟರೂ ಬದುಕುತ್ತಾನೆ. ಮುಹೂರ್ತ ಮಾತ್ರ ಬೇಸಿಗೆಯಲ್ಲಿರಲಿ. ಚಪ್ಪರದ ಜಾಗ ನಾವು ನೋಡುತ್ತೇವೆ."