ಖಂಡೆಪ್ಪನ ನಮ್ಮಾಕಿ

ಇಂಡಿ ಊರಿನ ನಿಂಬೆ ವ್ಯಾಪಾರಿ ಖಂಡೆಪ್ಪ ತನ್ನ ಹಳೇ ಡೀಸೆಲ್ ಕಾರನ್ನು ‘ನಮ್ಮಾಕಿ’ ಎಂದೇ ಕರೆಯುತ್ತಿದ್ದ. ಹೆಂಡತಿಗೆ ಸಲ್ಲಬೇಕಾದ ಮಾತು ಕಾರಿಗೆ ಸಂದಿದ್ದರಿಂದಲೇ ಆವತ್ತಿನ ರಾದ್ಧಾಂತ ಶುರುವಾಯಿತು. ಬೆಳಿಗ್ಗೆ ಬಾನೆಟ್ ಒರೆಸುತ್ತ ಅವನು ದಾರಿಹೋಕರೊಬ್ಬರಿಗೆ, "ನಮ್ಮಾಕಿ ಎಷ್ಟ ಗದ್ಲಾ ಮಾಡಿದ್ರೂ ಬಿಟ್ಟು ಹೊಸಾಕಿನ್ನ ತರಾಂವಲ್ಲ ನಾ" ಎಂದದ್ದು ಪಕ್ಕದ ಮನೆಯ ಗುರವ್ವನ ಕಿವಿಗೆ ಬಿತ್ತು. ಅವಳು ಅದನ್ನು ಅಡುಗೆಮನೆಯಲ್ಲಿದ್ದ ಅವನ ಹೆಂಡತಿ ಸುನಂದಾಗೆ ಮುಟ್ಟಿಸಿದಳು, ಕಾರಿನ ವಿಷಯ ಎಂಬುದೊಂದನ್ನು ಬಿಟ್ಟು.

ಸುನಂದಾ ಸೌಟು ಹಿಡಿದೇ ಹೊರಗೆ ಬಂದಳು. ಕಾರಿನ ಮಾತೆಂದು ತಿಳಿದ ಮೇಲೆ ಸಿಟ್ಟು ಇಮ್ಮಡಿಯಾಯಿತು. ಓಣಿಯ ಕಲ್ಮೇಶ ಹೊಸ ಪೆಟ್ರೋಲ್ ಕಾರು ತಂದಾಗಿನಿಂದ ಅವಳಿಗೂ ಒಂದು ಹೊಸದು ಬೇಕಿತ್ತು.

"ಇವತ್ತ ಸಿಂದಗಿಗೆ ಹೋಗಿ ಬರ್ರಿ. ಯಾರೂ ನೂಕದಂಗ ಬಂದ್ರ ಹೊಸ ಗಾಡಿ ಸುದ್ದಿನ ತಗಿಯೂದಿಲ್ಲ. ನೂಕಿಸ್ಕೊಂಡು ಬಂದ್ರ ಮೀರಾಸಾಬಗ ಮಾರಿಬಿಡ್ರಿ," ಎಂದು ಷರತ್ತು ಹಾಕಿದಳು. ಮೀರಾಸಾಬ ಹಳೇ ಗಾಡಿ ಕೊಳ್ಳುವವ.

ಖಂಡೆಪ್ಪ ಮೀಸೆ ತಿರುವಿ ಹೊರಟ. ಕಾರು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತ ಸಿಂದಗಿ ಮುಟ್ಟಿತು. ಅಲ್ಲಿ ಇಳಿಜಾರು ಹುಡುಕಿ ನಿಲ್ಲಿಸಿದ್ದರಿಂದ ಮರಳುವಾಗಲೂ ಯಾರೂ ನೂಕದೆ ತಾನೇ ಉರುಳಿ ಚಾಲೂ ಆಯಿತು. ಇಂಡಿ ಹತ್ತಿರವಾದಂತೆ ಅವನ ಎದೆ ಉಬ್ಬುತ್ತಾ ಬಂತು.

ಅಷ್ಟರಲ್ಲಿ ರಸ್ತೆ ಬದಿಯಲ್ಲಿ ಕಲ್ಮೇಶನ ಹೊಸ ಕಾರು ಕಂಡಿತು. ಕಲ್ಮೇಶ ಬಾನೆಟ್ ಎತ್ತಿ, ಎಲ್ಲಿ ಕೈ ಹಾಕಬೇಕೆಂದು ತಿಳಿಯದೆ ನಿಂತಿದ್ದ. ಇಂಥ ಸುಖ ಖಂಡೆಪ್ಪನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಎಂಜಿನ್ ಆರಿಸದೆಯೇ ಕೆಳಗಿಳಿದ.

"ಚಿಂತಿ ಬ್ಯಾಡೋ ತಮ್ಮಾ, ನಮ್ಮಾಕಿ ಎಳ್ಕೊಂಡು ಹೋಗ್ತಾಳ," ಎಂದು ನಿಂಬೆ ಚೀಲ ಬಿಗಿಯುವ ಹಗ್ಗದಿಂದ ಹೊಸ ಕಾರನ್ನು ಹಿಂದೆ ಕಟ್ಟಿಕೊಂಡ.

ಬಜಾರಿನಲ್ಲಿ ಮೆರೆಯುವುದು ಆಮೇಲೆ, ಮೊದಲು ಸುನಂದಾ ನೋಡಲಿ ಎಂದು ನೇರ ಮನೆಯ ಓಣಿಗೆ ತಿರುಗಿಸಿದ. ಓಣಿ ಇಳಿಜಾರು. ಇಳಿಜಾರು ಕಂಡರೆ ಎಂಜಿನ್ ಆರಿಸಿ ಡೀಸೆಲ್ ಉಳಿಸುವುದು ಅವನ ಹಳೇ ಚಾಳಿ. ಕೈ ತಾನಾಗಿ ಕೀಲಿ ತಿರುವಿತು. ಎಂಜಿನ್ ಸತ್ತ ಹೊಸ ಕಾರಿಗೆ, ಒಳಗೆ ಕೂತ ಕಲ್ಮೇಶ ಎಷ್ಟು ತುಳಿದರೂ ಬ್ರೇಕು ಸರಿಯಾಗಿ ಹತ್ತಲಿಲ್ಲ. ಹಗ್ಗ ಸಡಿಲಾಗಿ ನೆಲಕ್ಕೆ ಜೋತುಬಿತ್ತು, ಹೊಸ ಕಾರಿನ ಮೂತಿ ಹಳೇ ಕಾರಿನ ಬೆನ್ನಿಗೆ ಅಂಟಿತು. ಹಾಗೇ ಎರಡೂ ಸದ್ದಿಲ್ಲದೆ ಬಂದು ಬಾಗಿಲಲ್ಲಿ ಕಾಯುತ್ತಿದ್ದ ಸುನಂದಾ, ಗುರವ್ವರ ಮುಂದೆ ನಿಂತವು.

ಖಂಡೆಪ್ಪ ಗತ್ತಿನಿಂದ ಇಳಿದು ಹಗ್ಗ ತೋರಿಸಿದ.

"ಹಗ್ಗಾ ಕಟ್ಟಿ ಎಳಿಸಿನೂ ನೋಡೀರಿ. ಅದಕ್ಕೂ ಬಗ್ಗಲಿಲ್ಲಂತ ನೂಕಿಸ್ಕೊಂಡು ಬಂದೀರಿ," ಎಂದಳು ಸುನಂದಾ.

ಅವನು ನಡೆದದ್ದನ್ನೆಲ್ಲ ಬಡಬಡಿಸಿದ. ಚಾಲೂ ಮಾಡಿ ತೋರಿಸಲು ಹೋದರೆ ನಮ್ಮಾಕಿ ಒಮ್ಮೆ ಕೆಮ್ಮಿ ಸುಮ್ಮನಾದಳು. ಕೊನೆಗೆ, ಇದ್ದದ್ದು ಇದ್ದಂಗ ಹೇಳಪ್ಪಾ ಎಂದು ಕಲ್ಮೇಶನ ಕೈ ಹಿಡಿದ. ಕಲ್ಮೇಶ ಒಳ್ಳೆಯವನೇ.

"ಹೌದ್ರಿ ಅಕ್ಕಾರ, ಕೆಟ್ಟು ನಿಂತಿದ್ದು ನನ್ನ ಗಾಡಿನರಿ. ಅಣ್ಣಾರು ಎಳ್ಕೊಂಡು ಬಂದ್ರು."

ಸುನಂದಾಳ ಕಣ್ಣು ತುಂಬಿ ಬಂತು. "ನೋಡ್ರಿ, ನಿಮ್ಮ ಮರ್ಯಾದಿ ಉಳಿಸಾಕ ತನ್ನ ಹೊಸ ಗಾಡಿಗೆ ಕೆಟ್ಟ ಹೆಸರು ತಗೊಳಾಕತ್ತಾನ. ಇಂಥಾ ಮನಸ್ಸು ಯಾರಿಗೈತಿ," ಎಂದಳು. ಗುರವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಮೀರಾಸಾಬನನ್ನು ಕರೆತರಲು ಹೊರಟೇಬಿಟ್ಟಳು.

ಸುನಂದಾ ಕಲ್ಮೇಶನ ಕಾರನ್ನು ಸುತ್ತಿ ಬಂದು, ಅದರ ಬೆನ್ನು ಸವರಿ ಗಂಡನಿಗೆ ಹೇಳಿದಳು: "ನಮಗೂ ಇಂಥಾದ್ದ ತಗೋಳೂಣ್ರಿ. ಅಷ್ಟ ದೂರದಿಂದ ನಿಮ್ಮನ್ನ ನೂಕ್ಕೊಂಡು ಬಂದೈತಿ ಅಂದ್ರ, ಈ ತಾಕತ್ತು ಬ್ಯಾರೆ ಯಾವ ಗಾಡಿಗೈತಿ?"